ಹೊಗೆಯಿಲ್ಲದ ಕೆಂಡ

ಮನೆಯೊಳಗೆ ಯಾವುದಾದರೂ ಕೋಣೆಯ ಬಾಗಿಲು ಮುಚ್ಚಿಕೊಂಡರೆ ನನಗೆ ಆಗಿಬರುವುದಿಲ್ಲ. ಗಂಡ ಸ್ನಾನಕ್ಕೆ ಹೋದರೆ, ನೀರಿನ ಸದ್ದು ನಿಂತ ಮೇಲೆ ಒಂದಿಷ್ಟು ಹೊತ್ತು ತಡೆದುಕೊಳ್ಳುತ್ತೇನೆ, ಆಮೇಲೆ ತಡೆಯಲಾರದೆ ‘ಇದ್ದೀರಾ?’ ಎಂದು ಕೂಗುತ್ತೇನೆ. ‘ಇದ್ದೀನಿ ಮಾರಾಯ್ತಿ, ಇನ್ನೂ ಇದ್ದೀನಿ’ ಎಂದು ಅವರು ಒಳಗಿನಿಂದ ರೇಗುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಮಲಗಿದ ಮೇಲೆ ಮೂಗಿನ ಹತ್ತಿರ ಕೈ ಹಿಡಿದು ನೋಡುವುದು ಎಲ್ಲ ತಾಯಂದಿರೂ ಮಾಡುವ ಕೆಲಸವೇ, ಆದರೆ ನಾನು ಅವರು ಕಾಲೇಜಿಗೆ ಹೋಗುವವರೆಗೂ ಮಾಡಿದೆ. ಸದ್ದಾದರೆ ಬೆಚ್ಚುವ ಹೆಂಗಸರನ್ನು ಕಂಡಿದ್ದೇನೆ. ನಾನು ಸದ್ದು ನಿಂತರೆ ಬೆಚ್ಚುವವಳು. ನನ್ನ ಈ ಗೀಳು ಎಲ್ಲಿಂದ ಬಂತೆಂದು ಮನೆಯವರಿಗೆ ಹೇಳಲು ಹೋದರೆ ಅರ್ಧಕ್ಕೇ ಎದ್ದುಹೋಗುತ್ತಾರೆ, ಏಕೆಂದರೆ ಅದನ್ನು ಹೇಳಬೇಕಾದರೆ ಮೊದಲು ಕಲ್ಲಿದ್ದಲ ಒಲೆಯ ವಿಚಾರ ಹೇಳಬೇಕು. ಓದುವವರು ಅಷ್ಟು ಬೇಗ ಏಳುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾವಿದ್ದದ್ದು ಅಮೆರಿಕದ ವಿಕ್ಸಮ್‌ನಲ್ಲಿ, ಕಾರ್ಖಾನೆಗಳ ಶೆಡ್ಡುಗಳು ಮುಗಿದು ಮನೆಗಳು ಶುರುವಾಗುವ ಕಡೆ. ಅಪ್ಪ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಬಂದವರು. ದಿನಾ ಮೂವತ್ತು ಮೈಲಿ ಡ್ರೈವ್ ಮಾಡಿಕೊಂಡು ವಾರೆನ್‌ಗೆ ಹೋಗುತ್ತಿದ್ದರು. ಅಲ್ಲಿ ಕಾರಿನ ಎಂಜಿನ್ನಿಗೆ ಎಷ್ಟು ಪೆಟ್ರೋಲಿಗೆ ಎಷ್ಟು ಗಾಳಿ ಬೆರೆಯಬೇಕೆಂದು ನೋಡುವುದು ಅವರ ಕೆಲಸ. ರಿಸೆಷನ್ ಎಂಬ ಪದ ನನಗೆ ಗೊತ್ತಾದದ್ದು ಅವರ ಕಾರು ಹಗಲು ಹೊತ್ತಿನಲ್ಲಿ ಡ್ರೈವ್‌ವೇಯಲ್ಲಿ ನಿಂತದ್ದರಿಂದ. ಆಗ ನನಗೆ ಒಂಬತ್ತು ವರ್ಷ, ಅಮ್ಮ ಬಸುರಿ. ಬಾಣಂತನಕ್ಕೆಂದು ಅಮ್ಮನ ಅಮ್ಮನಿಗೆ ಮೊದಲೇ ಟಿಕೆಟ್ಟು ಕಳಿಸಿ ಆಗಿತ್ತು. ಅಪ್ಪನ ಕೆಲಸ ಹೋಯಿತು, ಆಮೇಲೆ ಅಜ್ಜಿ ಬಂದರು, ಆಮೇಲೆ ಮೊದಲ ಹಿಮ ಬಿತ್ತು, ಆಮೇಲೆ ಮನೆ ಬಿಸಿಮಾಡುವ ಗ್ಯಾಸಿನ ಫರ್ನೆಸ್ ಕೆಟ್ಟಿತು. ಎಲ್ಲ ಒಂದರ ಹಿಂದೊಂದು. ಫರ್ನೆಸ್ ಹೊಸದು ಹಾಕಿಸುವ ಮಾತೇ ಇರಲಿಲ್ಲ. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಅಡುಗೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತಿದ್ದ ಒಂದು ಸಂಜೆ ಅಪ್ಪ, ಊರಾಚೆಯ ಹಳೇ ತೋಟದ ಮನೆಯೊಂದನ್ನು ಖಾಲಿ ಮಾಡುತ್ತಿದ್ದವರಿಂದ, ಎರಡು ತಲೆಮಾರು ಹಿಂದಿನ ಎರಕದ ಕಬ್ಬಿಣದ ಒಲೆಯೊಂದನ್ನು ಪಿಕಪ್ ಟ್ರಕ್ಕಿನಲ್ಲಿ ಹೇರಿಕೊಂಡು ಬಂದರು.

ಅಡುಗೆಯ ಒಲೆ ಅಲ್ಲ, ಮನೆ ಕಾಯಿಸುವ ಒಲೆ. ನನ್ನಷ್ಟೇ ಎತ್ತರ, ಹೊಟ್ಟೆ ದಪ್ಪ, ಮುಂದೆ ಎರಡು ಬಾಗಿಲು: ಮೇಲಿನದು ಕಲ್ಲಿದ್ದಲು ಹಾಕಲು, ಕೆಳಗಿನದು ಬೂದಿ ತೆಗೆಯಲು. ಮೇಲಿನ ಬಾಗಿಲಿಗೆ ಗಾಜಿನ ಬದಲು ಅಭ್ರಕದ ಕಿಟಕಿ, ಮಸಿ ಹಿಡಿದು ಕಪ್ಪಾಗಿತ್ತು. ಬೇಸ್‌ಮೆಂಟಿನಲ್ಲಿ ಚಿಮಣಿಯ ಪಕ್ಕ ಅದನ್ನು ನಿಲ್ಲಿಸಿ, ಪೈಪು ಸೇರಿಸಿ, ಅಪ್ಪ ಮೊದಲ ಸಲ ಹೊತ್ತಿಸಿದ ದಿನ ಮನೆತುಂಬ ಹಳದಿ ಹೊಗೆ. ಅಜ್ಜಿ ಕೆಮ್ಮುತ್ತ ಮೆಟ್ಟಿಲ ತಲೆಯಲ್ಲಿ ನಿಂತರು.

‘ಅಳಿಯಂದಿರೇ, ಇದೇನು ಬಸುರಿ ಇರೋ ಮನೇಲಿ! ನಮ್ಮ ಬಚ್ಚಲ ಹಂಡೆ ಒಲೇನೇ ಇದಕ್ಕಿಂತ ವಾಸಿ.’

‘ಸ್ವಲ್ಪ ತಡೀರಿ ಅತ್ತೆ. ಈ ಒಲೆ ಮಾಡಿದೋರಿಗೆ ಗಾಳಿ ವಿಷಯ ಗೊತ್ತಿಲ್ಲ. ನನಗೆ ಗೊತ್ತು.’

ಆ ಮಾತಿನಿಂದ ಶುರುವಾಯಿತು ನೋಡಿ. ಆ ಚಳಿಗಾಲವೆಲ್ಲ ಅಪ್ಪ ಒಲೆಯ ಮುಂದೆಯೇ. ಬೆಳಿಗ್ಗೆ ನಾಲ್ಕು ಕಡೆ ಫೋನ್ ಮಾಡಿ, ‘ಅಪ್ಲೈ ಮಾಡಿದೀನಿ, ಏನಾಯ್ತು?’ ಎಂದು ಕೇಳುವುದು, ಆಮೇಲೆ ಟೈ ಬಿಚ್ಚಿ ಕೆಳಗಿಳಿಯುವುದು. ಫೋನಿಗೂ ಟೈ ಕಟ್ಟುತ್ತಿದ್ದರು, ಹೌದು. ಮೊದಲು ಹೊಗೆ ಕಾರುವ ಮೆದು ಕಲ್ಲಿದ್ದಲು ಬಿಟ್ಟು, ಹೊಳೆಯುವ ಗಟ್ಟಿ ಕಲ್ಲಿದ್ದಲನ್ನು ಮೂಟೆಯಲ್ಲಿ ತಂದರು. ಬಾಗಿಲುಗಳ ಸುತ್ತ ಆಸ್ಬೆಸ್ಟಾಸ್ ಹಗ್ಗ ಕೂರಿಸಿದರು, ಸಂದುಗಳಿಗೆ ಸಿಮೆಂಟು ಮೆತ್ತಿದರು. ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿದರು. ಉರಿಯನ್ನು ಕೆದಕಲು ಬಾಗಿಲು ತೆಗೆಯಬೇಕಿತ್ತು, ಹೊಗೆ ಹೊರಬರುತ್ತಿತ್ತು. ಅದಕ್ಕೆ ಕೆಂಡದ ಕೆಳಗಿನ ಕಂಬಿಗಳನ್ನೇ ಅಲುಗಾಡುವಂತೆ ಮಾಡಿ ಹೊರಗೆ ಹಿಡಿಕೆ ಬಿಟ್ಟರು. ಹಿಡಿಕೆ ಅಲ್ಲಾಡಿಸಿದರೆ ಬೂದಿ ತಾನಾಗಿ ಉದುರುತ್ತಿತ್ತು. ತಲೆಯ ಮೇಲೆ ಮುಚ್ಚಳವಿರುವ ದೊಡ್ಡ ತಗಡಿನ ಡಬ್ಬ ಕೂರಿಸಿದರು, ಉರಿದಷ್ಟೂ ಮೇಲಿನಿಂದ ಕಲ್ಲಿದ್ದಲು ತಾನಾಗಿ ಜಾರುತ್ತಿತ್ತು. ಕೊನೆಗೆ ಬೆಂಕಿಯ ಮೇಲ್ಭಾಗಕ್ಕೆ ಸುತ್ತಲೂ ಸಣ್ಣ ತೂತು ಕೊರೆದು, ಆ ತೂತುಗಳಿಗೆ ಮೊದಲೇ ಬಿಸಿಯಾದ ಗಾಳಿ ಬರುವ ಹಾಗೆ ಒಂದು ಕೊಳವೆ ಹಾಕಿದರು. ಅವತ್ತು ನನ್ನನ್ನು ಕರೆದು, ತಿಕ್ಕಿ ಬೆಳಗಿದ ಅಭ್ರಕದ ಕಿಟಕಿಯಲ್ಲಿ ನೋಡು ಎಂದರು. ಕೆಂಪು ಕೆಂಡಗಳ ಮೇಲೆ ನೀಲಿ ಉರಿ ಹೊಯ್ದಾಡುತ್ತಿತ್ತು. ಅಪ್ಪನ ಮುಖದಲ್ಲಿ ತಿಂಗಳುಗಳಿಂದ ಕಾಣದಿದ್ದ ನಗು ಕಂಡಿತು.

‘ನೋಡ್ದ್ಯಾ? ಮುಂಚೆ ಇದೇ ಗ್ಯಾಸು ಉರೀದೆ ಚಿಮಣಿಗೆ ಹೋಗ್ತಿತ್ತು. ಈಗ ಉರೀತಿದೆ.’

‘ವಾಟ್ ಗ್ಯಾಸ್, ಅಪ್ಪ?’

ಕೇಳಬಾರದಿತ್ತು. ಅಪ್ಪ ಯಾವುದನ್ನೂ ಅರ್ಧ ಹೇಳುವವರಲ್ಲ. ಕಲ್ಲಿದ್ದಲಿಗೆ ಗಾಳಿ ಸಾಲದೆ ಹೋದರೆ ಅದರಿಂದ ಒಂದು ವಿಷದ ಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ, ಸುಮ್ಮನೆ ನಿದ್ದೆ ಬರಿಸುತ್ತದೆ ಎಂದು ಎಳೆಎಳೆಯಾಗಿ ಹೇಳಿದರು. ‘ಹೊಗೆ ಕಂಡ್ರೆ ಹೆದರಬೇಡ, ಕಣ್ಣು ಉರಿದು ಎದ್ದೇಳ್ತೀಯ. ಕಾಣದೇ ಇರೋದಕ್ಕೆ ಹೆದರು’ ಎಂದರು. ಒಂಬತ್ತು ವರ್ಷದವಳಿಗೆ ಹೇಳುವ ಮಾತೇ ಇದು? ಆ ದಿನದಿಂದ ನಾನು ನಿದ್ದೆ ಬಂದರೇ ಹೆದರತೊಡಗಿದೆ. ಆಕಳಿಕೆ ಬಂದರೆ ಎದ್ದು ಕೂರುತ್ತಿದ್ದೆ. ಈಗಿನ ಹಾಗೆ ಗೋಡೆಗೆ ಸಿಕ್ಕಿಸುವ ಅಲಾರಂ ಆಗ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ. ನನ್ನ ಹೆದರಿಕೆ ಕಂಡು ಅಪ್ಪ ಸಮಾಧಾನ ಮಾಡಿದ್ದು ಹೇಗೆ ಗೊತ್ತೆ? ನನ್ನನ್ನೇ ಅಲಾರಂ ಮಾಡಿದರು. ಹೊಗೆಯ ಪೈಪಿಗೆ ದೋಸೆಯಷ್ಟು ಅಗಲದ ತಗಡಿನ ಬಿಲ್ಲೆಯೊಂದನ್ನು ತೂಗುಹಾಕಿದರು. ಚಿಮಣಿಯ ಎಳೆತ ಹೆಚ್ಚಾದಾಗ ಬಿಲ್ಲೆ ಒಳಕ್ಕೆ ಬಾಗಿ, ಕೋಣೆಯ ಗಾಳಿಯನ್ನು ಒಂದಿಷ್ಟು ಒಳಬಿಟ್ಟು, ಮತ್ತೆ ಟಕ್ ಎಂದು ಮುಚ್ಚಿಕೊಳ್ಳುತ್ತಿತ್ತು. ಇಡೀ ದಿನ ಟಕ್, ಟಕ್.

‘ಅದು ಸದ್ದು ಮಾಡ್ತಾ ಒಳಕ್ಕೆ ಬಾಗ್ತಿದ್ರೆ ಒಲೆ ಉಸಿರಾಡ್ತಿದೆ ಅಂತ. ಸದ್ದು ನಿಂತ್ರೆ ನನ್ನ ಕರಿ. ಹೊರಕ್ಕೆ ಬಾಗಿದ್ರೆ ಕರೀಬೇಡ, ಎಲ್ಲರನ್ನೂ ಹೊರಗೆ ಓಡಿಸು.’

‘ಓಕೆ ಅಪ್ಪ’ ಎಂದೆ. ಸ್ಕೂಲಿನಿಂದ ಬಂದೊಡನೆ ಬೇಸ್‌ಮೆಂಟಿನ ಕೊನೆಯ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತ ಆ ಬಿಲ್ಲೆಯನ್ನು ಕಾಯುವುದು ನನ್ನ ಪಾಲಿಗೆ ಬಂತು. ಹಾಸಿಗೆಯಲ್ಲಿ ಮಲಗಿದರೂ ಕಿವಿ ಅಲ್ಲಿಯೇ. ಗಾಳಿಯಿಲ್ಲದ ದಿನ ಬಿಲ್ಲೆ ಅಲುಗಾಡುವುದು ತಡವಾದರೆ ನನ್ನ ಉಸಿರನ್ನೇ ಹಿಡಿದುಕೊಂಡು ಕಾಯುತ್ತಿದ್ದೆ.

ಡಿಸೆಂಬರಿನಲ್ಲಿ ತಮ್ಮ ಹುಟ್ಟಿದ. ಒಲೆಯ ನೇರ ಮೇಲಿದ್ದ ಸಣ್ಣ ಕೋಣೆ ಬಾಣಂತಿಯ ಕೋಣೆಯಾಯಿತು. ಅಜ್ಜಿ ಅಲ್ಲಿಗೆ ಮೈಸೂರಿನ ಕಾನೂನನ್ನೆಲ್ಲ ತಂದು ಹಾಕಿದರು. ಅಮ್ಮ ತಲೆಗೆ ಸ್ಕಾರ್ಫು ಕಟ್ಟಬೇಕು, ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಮೆಣಸಿನ ಸಾರು ಅನ್ನ ಬಿಟ್ಟು ಬೇರೆ ತಿನ್ನಬಾರದು. ಕಿಟಕಿಗೆ ಅಪ್ಪ ಆಗಲೇ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಅಜ್ಜಿ ಅದರ ಮೇಲೆ ಹಳೇ ಶಾಲು ಹೊದಿಸಿದರು. ಬಾಗಿಲ ಕೆಳಗಿನ ಸಂದಿಗೆ ಟವೆಲು ಸುತ್ತಿ ತುರುಕಿದರು. ಬೆಳಿಗ್ಗೆ ಅಮ್ಮನಿಗೆ ಎಣ್ಣೆನೀರು, ಆಮೇಲೆ ಮಗುವಿಗೆ. ಅಜ್ಜಿ ಕೋಣೆಯಲ್ಲೇ ಟಬ್ಬು ಇಟ್ಟು ಕಾಲು ಚಾಚಿ ಕೂತು, ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು, ಹಿತ್ತಾಳೆ ಚೆಂಬಿನಲ್ಲಿ ನೀರು ಹುಯ್ಯುತ್ತ ಹಾಡು ಹೇಳುತ್ತಿದ್ದರು. ಹಾಡು ನಿಂತರೆ ಮಗು ಮಲಗಿತೆಂದು ಅರ್ಥ. ಆಮೇಲೆ ಆ ಬಾಗಿಲನ್ನು ಯಾರೂ ತೆಗೆಯಕೂಡದು. ನೀರು ಹಾಕಿಸಿಕೊಂಡ ಬಾಣಂತಿ ಕಂಬಳಿ ಹೊದ್ದು ಬೆವರಬೇಕು, ಮಗು ನಿದ್ದೆ ಮಾಡಬೇಕು, ಶೀತಗಾಳಿ ಸೋಕಬಾರದು. ಅಜ್ಜಿ ಮಾತ್ರ ಹಗಲಲ್ಲಿ ಕಣ್ಣು ಮುಚ್ಚುವವರಲ್ಲ. ಮಗುವನ್ನು ಮಲಗಿಸಿ, ಸದ್ದಿಲ್ಲದೆ ಹೊರಬಂದು, ಅಡುಗೆಮನೆಯಲ್ಲಿ ಮುಚ್ಚಿಟ್ಟ ತಮ್ಮ ತಟ್ಟೆಗೆ ಕೂರುತ್ತಿದ್ದರು. ಮಗುವಿಗೆ ನೀರು ಹಾಕುವ ತನಕ ಒಂದು ಅಗುಳು ಮುಟ್ಟುತ್ತಿರಲಿಲ್ಲ, ಹಾಗಾಗಿ ಬರುವಾಗ ಹಸಿದು ಕಂಗಾಲಾಗಿರುತ್ತಿದ್ದರು.

ಎಲ್ಲ ಅವರ ಮನಸ್ಸಿನಂತೆಯೇ ನಡೆಯುತ್ತಿತ್ತು, ಸಾಂಬ್ರಾಣಿ ಒಂದು ಬಿಟ್ಟು. ನೀರು ಹಾಕಿದ ಮೇಲೆ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯಬೇಕು, ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಕು. ಈ ಅಮೆರಿಕದಲ್ಲಿ ಕೆಂಡಕ್ಕೆ ಎಲ್ಲಿಗೆ ಹೋಗುವುದು? ಸೌಟನ್ನು ಕರೆಂಟ್ ಒಲೆಯ ಸುರುಳಿಯ ಮೇಲೆ ಕಾಯಿಸಿ ಸಾಂಬ್ರಾಣಿ ಉದುರಿಸುತ್ತಿದ್ದರು. ಅದು ಕರಗಿ ಜಿನುಗುತ್ತಿತ್ತೇ ಹೊರತು ಹೊಗೆಯುತ್ತಿರಲಿಲ್ಲ. ತಂದ ಪೊಟ್ಟಣವೂ ಮುಗಿಯಿತು. ಆಗ ಲೋಬಾನ ತಂದುಕೊಟ್ಟವರು ಪಕ್ಕದ ಮನೆಯ ರಜಿಯಾ ಆಂಟಿ. ಗದಗಿನ ಕಡೆಯವರು, ಗಂಡಹೆಂಡತಿ ಸೇರಿ ಪುಟ್ಟ ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತಿದ್ದರು. ‘ನಮ್ಮಲ್ಲೂ ಕೂಸಿಗೆ ಇದನ್ನs ಹಾಕ್ತೀವ್ರಿ ಅಮ್ಮಾರ. ಆದ್ರ ಕೆಂಡ ಬೇಕು ನೋಡ್ರಿ, ಕೆಂಡಿಲ್ಲಂದ್ರ ಸುಖ ಇಲ್ಲ’ ಎಂದಿದ್ದರು. ಅಜ್ಜಿಗೆ ತಮ್ಮ ಮನಸ್ಸಿನ ಮಾತನ್ನೇ ಇನ್ನೊಬ್ಬರು ಆಡಿದಂತಾಗಿತ್ತು.

ಇಷ್ಟರಲ್ಲಿ ಅಜ್ಜಿಗೆ ಒಲೆಯ ಮೇಲಿದ್ದ ಸಿಟ್ಟು ಇಳಿದಿತ್ತು. ಹೊಗೆ ಹೋಗಿ, ವಾಸನೆ ಹೋಗಿ, ಮನೆ ಫ್ಯಾರನ್‌ಹೀಟಿನ ಎಪ್ಪತ್ತು ಡಿಗ್ರಿಯಲ್ಲಿ ಬೆಚ್ಚಗೆ ನಿಂತ ಮೇಲೆ ಅವರೇ ಫೋನಿನಲ್ಲಿ ಊರಿನವರಿಗೆ ‘ನಮ್ಮ ಅಳಿಯಂದಿರು ಮಾಡಿರೋ ಒಲೆ’ ಎಂದು ಹೊಗಳತೊಡಗಿದ್ದರು. ಒಮ್ಮೆ ಕೆಳಗಿಳಿದು ಬಂದು, ಅಭ್ರಕದ ಕಿಟಕಿಯಲ್ಲಿ ಇಣುಕಿ, ಎಷ್ಟೋ ಹೊತ್ತು ನಿಂತೇ ಇದ್ದರು. ‘ಇಂಥ ಕೆಂಡ ನಾನು ಹುಟ್ಟಿದಾಗಿನಿಂದ ನೋಡಿಲ್ಲ ಕಣೇ. ಒಂದು ಎಳೆ ಹೊಗೆ ಇಲ್ಲ’ ಎಂದರು. ಅಪ್ಪ ಹಿಗ್ಗಿಹೋದರು. ಇಬ್ಬರೂ ಖುಷಿಯಾಗಿದ್ದ ಆ ಗಳಿಗೆಯನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಜನವರಿಯಲ್ಲಿ ಅಪ್ಪನಿಗೆ ಶಿಕಾಗೋದಿಂದ ಇಂಟರ್‌ವ್ಯೂಗೆ ಕರೆ ಬಂತು. ಹಿಂದಿನ ದಿನವೇ ಹೊರಟರು. ಹೋಗುವ ಮುಂಚೆ ಒಲೆಯ ಡಬ್ಬ ತುಂಬಿ, ಬೂದಿ ತೆಗೆದು, ನನಗೆ ಬಿಲ್ಲೆ ತೋರಿಸಿ ‘ನೋಡ್ಕೋತೀಯಲ್ಲ?’ ಎಂದರು. ಮರುದಿನ ಹಿಮ ಜೋರಾಗಿ ಸ್ಕೂಲಿಗೆ ರಜೆ ಕೊಟ್ಟರು. ಹೊರಗೆ ನೀರು ಕಲ್ಲಾಗುವ ಚಳಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್. ನಾನು ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಕೂತಿದ್ದೆ. ಅಳಿಯ ಮನೆಯಲ್ಲಿದ್ದಾಗ ಬೇಸ್‌ಮೆಂಟಿಗೆ ಬರಲು ಸಂಕೋಚಪಡುತ್ತಿದ್ದ ಅಜ್ಜಿ, ಅವತ್ತು ಕಾಲುಚೀಲ ಹಾಕಿದ ಕಾಲಲ್ಲಿ ಹುಷಾರಾಗಿ ಇಳಿದು ಬಂದರು. ಕೈಯಲ್ಲಿ ಕಬ್ಬಿಣದ ದೊಡ್ಡ ಬಾಣಲೆ, ಇಕ್ಕಳ.

‘ಅಜ್ಜಿ, ವಾಟ್ ಆರ್ ಯು ಡೂಯಿಂಗ್? ಅಪ್ಪ ಬೈತಾರೆ.’

‘ಮಗೂಗೆ ಸಾಂಬ್ರಾಣಿ ಹಾಕೋದಕ್ಕೆ ಯಾವ ಅಪ್ಪ ಬೈತಾನೆ? ನೋಡು ಎಷ್ಟು ಚಳಿ. ನಿಮ್ಮಮ್ಮ ನಡುಗ್ತಿದಾಳೆ. ಎಲ್ಲಿ, ಹೊಗೆ ಇದ್ರೆ ತೋರಿಸು ನೋಡೋಣ.’

ತೋರಿಸಲು ಹೊಗೆ ಇರಲಿಲ್ಲ. ಮೇಲಿನ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಇಕ್ಕಳದಿಂದ, ಕೆಂಪಗೆ ಹೊಳೆಯುವ ಉಂಡೆಗಳನ್ನು ಬಾಣಲೆ ತುಂಬ ಹೆಕ್ಕಿ ಹಾಕಿಕೊಂಡರು. ಜನ್ಮವೆಲ್ಲ ಕೆಂಡದೊಂದಿಗೆ ಬಾಳಿದ ಕೈ, ಒಂದು ಕಿಡಿಯೂ ಚೆಲ್ಲಲಿಲ್ಲ. ಸೆರಗಿನಲ್ಲಿ ಹಿಡಿಗಳನ್ನು ಹಿಡಿದು ಮೆಟ್ಟಿಲು ಹತ್ತಿದರು. ನಾನು ಬಿಲ್ಲೆಯ ಕಡೆ ತಿರುಗಿದೆ. ಅಪ್ಪ ಕಾಯಲು ಹೇಳಿದ್ದು ಅದನ್ನು. ಅದು ಒಳಕ್ಕೇ ಬಾಗುತ್ತಿತ್ತು, ಟಕ್, ಟಕ್, ಎಂದಿಗಿಂತ ಚೆನ್ನಾಗಿ. ಮೇಲೆ ಅಜ್ಜಿಯ ಹಾಡು ಕೇಳಿಸಿತು, ಲೋಬಾನದ ಪರಿಮಳ ಬಂತು, ಆಮೇಲೆ ಹಾಡು ನಿಂತಿತು. ಮಗು ಮಲಗಿತು ಎಂದುಕೊಂಡೆ. ದಿನಾ ಹಾಗೇ ಆಗುತ್ತಿತ್ತಲ್ಲ.

ಹಸಿವಾಯಿತೆಂದು ಮೇಲೆ ಬಂದೆ. ಅಡುಗೆಮನೆಯಲ್ಲಿ ಅಜ್ಜಿಯ ತಟ್ಟೆ ಮುಚ್ಚಿದ ಹಾಗೇ ಇತ್ತು. ಮುಟ್ಟಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ಹುಳಿಯ ಮೇಲೆ ಕೆನೆ ಕಟ್ಟಿತ್ತು. ಹಾಡು ನಿಂತು ಎಷ್ಟೋ ಹೊತ್ತಾಗಿದೆ, ಅಜ್ಜಿ ಹಗಲು ಮಲಗುವವರಲ್ಲ, ಅಜ್ಜಿಗೆ ಹಸಿವು ತಡೆಯುವುದಿಲ್ಲ. ಇಷ್ಟೇ ನನಗೆ ಹೊಳೆದದ್ದು. ಕೋಣೆಯ ಬಾಗಿಲಿನ ಮುಂದೆ ನಿಂತು ‘ಅಜ್ಜಿ’ ಎಂದೆ. ಬಾಗಿಲು ತೆಗೆದರೆ ಮಗುವಿಗೆ ಶೀತ, ಅಮ್ಮನಿಗೆ ಸನ್ನಿ, ನನಗೆ ಬೈಗುಳ. ಮತ್ತೆ ‘ಅಜ್ಜೀ’ ಎಂದೆ. ಕೆಳಗಿನಿಂದ ಬಿಲ್ಲೆಯ ಸದ್ದು ಮಾತ್ರ ಕೇಳುತ್ತಿತ್ತು. ಆದರೂ ದೂಡಿದೆ. ಟವೆಲು ಅಡ್ಡಬಂತು, ಭುಜ ಕೊಟ್ಟು ದೂಡಿದೆ.

ಒಳಗೆ ಬಿಸಿ, ಪರಿಮಳ, ನಿಶ್ಶಬ್ದ. ಅಜ್ಜಿ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದರು, ತಲೆ ಎದೆಯ ಮೇಲೆ ಬಿದ್ದಿತ್ತು. ತಮ್ಮ ಅವರ ಕಾಲ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದ. ಅವನ ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಷ್ಟು ಚೆಂದದ ಬಣ್ಣ ಅವನ ಮುಖದಲ್ಲಿ ನಾನು ಎಂದೂ ನೋಡಿರಲಿಲ್ಲ. ಮಂಚದ ಕೆಳಗೆ ಬಾಣಲೆಯಲ್ಲಿ ಕೆಂಡ ಇನ್ನೂ ಕೆಂಪಗೇ ಇತ್ತು. ಇದ್ದಿಲಾಗಿದ್ದರೆ ಅಷ್ಟು ಹೊತ್ತಿಗೆ ಬೂದಿಯಾಗಿರುತ್ತಿತ್ತು. ಅಮ್ಮನನ್ನು ಅಲ್ಲಾಡಿಸಿದೆ. ಕಣ್ಣು ತೆರೆಯದೆ ‘ತಲೆ... ತಲೆ’ ಎಂದರು, ಅಷ್ಟೆ. ಕಾಣದೇ ಇರುವುದಕ್ಕೆ ಹೆದರು ಎಂದ ಅಪ್ಪನ ಮಾತು ಕಿವಿಯಲ್ಲಿ ಕೂಗಿದ ಹಾಗಾಯಿತು. ತಮ್ಮನನ್ನು ಎತ್ತಿಕೊಂಡೆ, ತಲೆ ಹಿಂದಕ್ಕೆ ಜೋತಿತು. ಬೂಟು ಹಾಕಿಕೊಳ್ಳದೆ ಹಿಮದಲ್ಲಿ ಓಡಿದೆ. ಬಾಣಂತಿ ಕೋಣೆಯಿಂದ ಹೊರಗೆ ಬರಬಾರದ ಮಗುವನ್ನು ಹತ್ತು ಡಿಗ್ರಿಯ ಚಳಿಯಲ್ಲಿ ಎದೆಗೊತ್ತಿಕೊಂಡು, ‘ಅಳೋ, ಅಳೋ, ಪ್ಲೀಸ್ ಅಳೋ’ ಎನ್ನುತ್ತ ಓಡಿದೆ. ಅವನು ಅಳಲಿಲ್ಲ. ರಜಿಯಾ ಆಂಟಿಯ ಮೆಟ್ಟಿಲ ಮೇಲೆ ನಾನು ಜಾರಿ ಮಂಡಿಯೂರಿದಾಗ ಒಂದು ಸಣ್ಣ ಸೀನು ಸೀನಿದ, ಬೆಕ್ಕಿನ ಮರಿಯಂತೆ ಕುಂಯ್ ಎಂದ.

‘ಅಯ್ಯ ನನ ಮಗಳ, ಏನಾತs?’

‘ಆಂಟಿ, ಗ್ಯಾಸ್... ಅಮ್ಮ, ಅಜ್ಜಿ... ದೇ ಆರ್ ನಾಟ್ ವೇಕಿಂಗ್ ಅಪ್!’

ಆಂಟಿ ಇನ್ನೊಂದು ಮಾತು ಕೇಳಲಿಲ್ಲ. ಫೋನಿನಲ್ಲಿ ಆಂಬುಲೆನ್ಸಿಗೆ ವಿಳಾಸ ಹೇಳಿ, ‘ಕೂಸಿನ್ನ ಬಿಟ್ಟು ಅಲ್ಲಾಡಬ್ಯಾಡ, ಮಾತಾಡಿಸ್ಕೋತ ಇರು’ ಎಂದು ಓಡಿದರು. ಕಿಟಕಿ ಮಂಜುಗಟ್ಟಿ ತೆರೆಯಲಿಲ್ಲವಂತೆ. ಅಜ್ಜಿಯ ಹಿತ್ತಾಳೆ ಚೆಂಬನ್ನೇ ಎತ್ತಿ ಗಾಜು ಒಡೆದರು. ಆ ಗಾಜಿನ ಸದ್ದು ಎರಡು ಮನೆಗಳ ನಡುವಿನ ಹಿಮ ದಾಟಿ ನನಗೆ ಕೇಳಿಸಿತು. ಅಮ್ಮನನ್ನು ತೋಳು ಹಿಡಿದು ಎಳೆದು ತಂದರು, ಆಮೇಲೆ ಅಜ್ಜಿಯನ್ನು. ಆಸ್ಪತ್ರೆಯಲ್ಲಿ ಮೂವರ ಮೂಗಿಗೂ ಆಮ್ಲಜನಕ. ಕಾರಿಡಾರಿನಲ್ಲಿ ಆಂಟಿ ನನ್ನ ಪಾದಗಳನ್ನು ತಮ್ಮ ಕೋಟಿನೊಳಗೆ ಇಟ್ಟುಕೊಂಡು ಉಜ್ಜುತ್ತ, ‘ಲೋಬಾನ ನಾನs ಕೊಟ್ಟಾಕಿ. ಕೆಂಡ ಬೇಕಂತ ನಾನs ಅಂದಾಕಿ’ ಎಂದು ಅಳುತ್ತಿದ್ದರು.

ಮೂವರೂ ಉಳಿದರು. ಆದರೆ ಡಾಕ್ಟರು ಮಗುವಿನ ವಿಷಯದಲ್ಲಿ ಮಾತ್ರ ಪೂರ್ತಿ ಮಾತು ಕೊಡಲಿಲ್ಲ. ಮಿದುಳಿಗೆ, ಕಿವಿಗೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲಾಗದು, ಬೆಳೆಯುತ್ತ ನೋಡಬೇಕು ಎಂದರು. ಹಾಗೆಂದು ಹೇಳಿ ಅವರು ಮನೆಗೆ ಹೋದರು, ನಾವು ಆ ಮಾತನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದೆವು. ಶಿಕಾಗೋದಿಂದ ಹಿಮದಲ್ಲಿ ಒಂದೇ ಉಸಿರಿಗೆ ಡ್ರೈವ್ ಮಾಡಿಕೊಂಡು ಬಂದ ಅಪ್ಪ ಅಜ್ಜಿಗೆ ಒಂದು ಕಟುಮಾತು ಆಡಲಿಲ್ಲ. ಆ ಕೆಲಸ ಸಿಗಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಜಗಳವಾದದ್ದು ಅಪ್ಪ ಅಮ್ಮನ ನಡುವೆ.

‘ಆ ಒಲೆ ಈ ಮನೇಲಿದ್ರೆ ನಾನಿರಲ್ಲ.’

‘ಒಲೆಯಿಂದ ಏನೂ ಬಂದಿಲ್ಲ ಕಣೇ. ನೋಡಿದೀನಿ. ಒಲೆ ಸರಿಯಾಗೇ ಇದೆ.’

‘ಒಲೆ ಸರಿಯಾಗೇ ಇದೆ, ಒಲೆ ಸರಿಯಾಗೇ ಇದೆ! ನನ್ನ ಮಗ ಹೋಗಿದ್ರೆ ಅವನ ತಿಥಿ ದಿನಾನೂ ಇದನ್ನೇ ಹೇಳ್ತಿದ್ರೇನು?’

ಅಪ್ಪ ಕುರ್ಚಿಯ ಮೇಲೆ ಕೂತುಬಿಟ್ಟರು. ‘ಚಿಮಣಿಗೆ ಹೋಗೋ ದಾರಿ ಎಲ್ಲಾ ಯೋಚನೆ ಮಾಡ್ದೆ. ಬಾಗಿಲಿಂದ ಹೊರಗೆ ಬರೋ ದಾರಿ ಯೋಚನೆ ಮಾಡ್ಲಿಲ್ಲ’ ಎಂದು ಯಾರಿಗೋ ಹೇಳುವಂತೆ ಹೇಳಿದರು. ಆದರೆ ಚಳಿಗಾಲ ಇನ್ನೂ ಅರ್ಧ ಉಳಿದಿತ್ತು, ಬೇರೆ ಬೆಂಕಿ ನಮಗಿರಲಿಲ್ಲ. ಅಪ್ಪ ಮತ್ತೆ ಕೆಳಗಿಳಿದರು. ಈ ಸಲ ಬಾಗಿಲಿಗೆ ಕೈಹಾಕಿದರು. ಗಟ್ಟಿ ಸ್ಪ್ರಿಂಗು ಹಾಕಿ, ಎಡಕ್ಕೊಂದು ಬಲಕ್ಕೊಂದು ಹಿಡಿ ಇಟ್ಟರು. ಎರಡು ಹಿಡಿಯನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು, ಒಂದು ಕೈ ಬಿಟ್ಟರೂ ಧಡಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಬೂದಿಯ ಬಾಗಿಲಿಗೂ ಹಾಗೆಯೇ ಮಾಡಿ, ಬೂದಿ ನೇರ ಮುಚ್ಚಳದ ಡಬ್ಬಿಗೇ ಬೀಳುವಂತೆ ಮಾಡಿದರು. ಎರಡೂ ಕೈ ಬಾಗಿಲಲ್ಲಿದ್ದರೆ ಇಕ್ಕಳ ಹಿಡಿಯಲು ಮೂರನೇ ಕೈ ಬೇಕು. ಅಮ್ಮ ಬಂದು ತಾವೇ ಪ್ರಯತ್ನಿಸಿ ನೋಡಿ ಮೇಲೆ ಹೋದರು. ಅದಾದ ಮೇಲೆ ಅಜ್ಜಿ ಇಳಿದು ಬಂದರು. ಅವರೂ ಒತ್ತಿ ನೋಡಿದರು, ಕೈ ಬಿಟ್ಟರು, ಬಾಗಿಲು ಧಡಕ್ಕೆಂದಿತು. ಬೆಚ್ಚಿ ಹಿಂದೆ ಸರಿದರು.

‘ಒಳ್ಳೇ ಕೆಲಸ ಮಾಡಿದ್ರಿ ಅಳಿಯಂದಿರೇ. ನನ್ನಂಥವಳು ಇರೋ ಮನೇಲಿ ಹೀಗೇ ಇರಬೇಕು.’

‘ಅತ್ತೆ, ನಿಮಗೋಸ್ಕರ ಅಲ್ಲ. ನನಗೋಸ್ಕರ.’

ಅಜ್ಜಿ ಆಮೇಲೆ ತಮ್ಮನನ್ನು ಮುಟ್ಟಲಿಲ್ಲ. ನೀರು ಹಾಕುವುದು ಅಮ್ಮನೇ. ಹಾಡೂ ಇಲ್ಲ. ಅಮ್ಮ ಎಷ್ಟು ಹೇಳಿದರೂ ‘ಈ ಕೈ ಬೇಡಮ್ಮಾ’ ಎನ್ನುತ್ತಿದ್ದರು. ಕೋಣೆಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಒಳಗಿನ ನೀರಿನ ಸದ್ದು ಕೇಳುತ್ತಿದ್ದರು. ಮನೆಯವರೆಲ್ಲ ಒಬ್ಬರಿಗೊಬ್ಬರು ಕಾಣದಂತೆ ಮಗುವನ್ನು ಪರೀಕ್ಷೆ ಮಾಡುತ್ತಿದ್ದೆವು. ಅಮ್ಮ ಅವನ ಹಿಂದೆ ನಿಂತು ಬಳೆ ಆಡಿಸುತ್ತಿದ್ದರು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅಪ್ಪ ಒಮ್ಮೆ ಸ್ಟೀಲು ತಟ್ಟೆಗೆ ಸೌಟಿನಿಂದ ಬಾರಿಸಿದರು, ಅಡುಗೆಮನೆಯಲ್ಲಿದ್ದ ಅಮ್ಮ ಹೌಹಾರಿ ಓಡಿಬಂದರು, ಮಗು ಮಾತ್ರ ಸುಮ್ಮನೆ ಮಲಗಿತ್ತು. ನಿದ್ದೆಯೋ, ಕಿವುಡೋ? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಚ್ಚರವಿದ್ದಾಗಲೂ ಅವನು ಸೂರು ನೋಡುತ್ತ ಇರುತ್ತಿದ್ದ. ನನಗೆ ಊಟ ಸೇರುತ್ತಿರಲಿಲ್ಲ. ಬಿಲ್ಲೆ ಟಕ್ ಎಂದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ.

ಮಾರ್ಚಿನಲ್ಲಿ ಹಿಮ ಕರಗತೊಡಗಿತು. ಅಜ್ಜಿ ಹೊರಡುವ ಹಿಂದಿನ ದಿನ ಬೆಳಿಗ್ಗೆ ಎದ್ದು, ಸೀರೆ ಎತ್ತಿ ಕಟ್ಟಿಕೊಂಡು, ಟಬ್ಬಿಗೆ ತಾವೇ ನೀರು ತೋಡಿದರು. ಗಾಜಿಗೆ ಬಡಿದು ನೆಗ್ಗಿದ್ದ ಚೆಂಬನ್ನೇ ಇಟ್ಟುಕೊಂಡರು. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅಮ್ಮ ಮಗುವನ್ನು ಕೊಟ್ಟರು. ಅಜ್ಜಿ ಅವನನ್ನು ಕಾಲ ಮೇಲೆ ಮಲಗಿಸಿಕೊಂಡರು. ನನ್ನನ್ನು ಕರೆದರು.

‘ನೀನು ಕೆಳಗೆ ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ. ನಾನು ಹಾಡ್ತಿರ್ತೀನಿ. ಹಾಡು ನಿಂತ್ರೆ ಬಾ.’

‘ಆಫ್ಟರ್ ಎಷ್ಟು ಹೊತ್ತು, ಅಜ್ಜಿ?’

‘ಹೊತ್ತು ಗಿತ್ತು ಇಲ್ಲ. ನಿಂತ ತಕ್ಷಣ ಬರಬೇಕು.’

ಮೆಟ್ಟಿಲ ಮೇಲೆ ಕೂತೆ. ಮೊದಲು ನೀರಿನ ಸದ್ದು. ಆಮೇಲೆ ಅಜ್ಜಿಯ ಗಂಟಲು, ಎಷ್ಟೋ ದಿನ ಹಾಡದೆ ಒರಟಾಗಿತ್ತು. ಬಿಲ್ಲೆ ಟಕ್ ಎನ್ನುತ್ತಿತ್ತು, ನನ್ನ ಕಿವಿ ಅದನ್ನು ಬಿಟ್ಟು ಮೇಲಕ್ಕೆ ಹೋಗಿತ್ತು. ಒಂದು ಸಾಲು, ಎರಡನೇ ಸಾಲು, ಮೂರನೆಯ ಸಾಲಿನ ನಟ್ಟನಡುವೆ ಹಾಡು ಕಡಿದುಹೋಯಿತು.

ಹೇಗೆ ಹತ್ತಿದೆನೋ ಗೊತ್ತಿಲ್ಲ. ಮೊಣಕಾಲಿಗೆ ಮೆಟ್ಟಿಲು ಬಡಿದದ್ದು ಆಮೇಲೆ ರಕ್ತ ನೋಡಿ ತಿಳಿಯಿತು. ಬಾಗಿಲಲ್ಲಿ ನಿಂತಾಗ ಅಜ್ಜಿ ನೆಟ್ಟಗೆ ಕೂತಿದ್ದರು, ಕಣ್ಣು ತೆರೆದಿತ್ತು, ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಬೇಕೆಂದೇ ನಿಲ್ಲಿಸಿದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ. ಕಾಲ ಮೇಲೆ ಮಲಗಿದ್ದ ತಮ್ಮನನ್ನು ನೋಡುತ್ತಿದ್ದರು. ಅವನು ಸೂರು ನೋಡುವುದನ್ನು ಬಿಟ್ಟು, ಒದ್ದೆ ತಲೆಯನ್ನು ಕಷ್ಟಪಟ್ಟು ಒಂದು ಕಡೆಗೆ ಹೊರಳಿಸಿ, ಹುಬ್ಬು ಗಂಟಿಕ್ಕಿ, ಅಜ್ಜಿಯ ಬಾಯನ್ನು ಹುಡುಕುತ್ತಿದ್ದ. ಹಾಡು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ.

ಅಜ್ಜಿಯ ಕಣ್ಣಿನಿಂದ ನೀರು ಅವನ ಹೊಟ್ಟೆಯ ಮೇಲೆ ತೊಟ್ಟಿಕ್ಕಿತು. ಆಗ ತಲೆಯೆತ್ತಿ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿದರು.

‘ಬಂದ್ಯಾ? ಇವನೂ ಕೇಳಿಸ್ಕೊಂಡ ಕಣೇ’ ಎಂದರು. ‘ನಾನು ಊರಿಗೆ ಹೋದ ಮೇಲೂ ಹೀಗೇ ಓಡಿ ಬರ್ತಿರು.’